ಖಾಲಿ ಡಬ್ಬಿ ಕಳಿಸಬಾರದು

ಜೊನ್ಜು
ಏಪ್ರಿಲ್ ೯, ಭಾನುವಾರ

ಪ್ರೀತಿಯ ಜೊಮ್‌ರೆ,

ಮೊದಲು ಬೈದು ಮುಗಿಸಿಬಿಡು, ಆಮೇಲೆ ಓದು. ನಿನ್ನ ಪಾರ್ಸೆಲ್ ಬಂದು ಎಷ್ಟು ದಿನವಾಯಿತು ಎಂದು ನನಗೂ ಗೊತ್ತು. ಸಾಸಿವೆ ಸೊಪ್ಪಿನ ಕಿಮ್ಚಿ ಮುಗಿಯಿತು, ಖಾರ ಹಚ್ಚಿ ಹುರಿದ ನೆತ್ತಲಿ ಮೀನೂ ಮುಗಿಯಿತು, ತಳದಲ್ಲಿ ಉಳಿದ ಎಳ್ಳನ್ನು ಬೆರಳಿಂದ ಒತ್ತಿ ತಿಂದದ್ದೂ ಆಯಿತು. ಡಬ್ಬಿಗಳನ್ನು ತೊಳೆದು ಕಿಟಕಿಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ. ಬಂದ ಡಬ್ಬಿಯನ್ನು ಖಾಲಿ ವಾಪಸು ಕಳಿಸಬಾರದು ಎಂದು ನನ್ನಮ್ಮ ತಲೆಗೆ ಮೊಟಕಿ ಕಲಿಸಿದ್ದಳು. ಆದರೆ ನನಗೆ ಅಡುಗೆ ಬರುವುದಿಲ್ಲ, ಅಂಗಡಿಯಿಂದ ತಂದು ತುಂಬಿದರೆ ನೀನು ಮೂಸಿ ನೋಡಿಯೇ ಕಂಡುಹಿಡಿಯುತ್ತೀಯ. ನಿನಗೆ ಬೇಕಾದದ್ದು ಏನು ಎಂದು ಯೋಚಿಸಿದೆ. ಮಗಳ ಸುದ್ದಿ ತಾನೇ? ಅದನ್ನೇ ತುಂಬಿ ಕಳಿಸುತ್ತಿದ್ದೇನೆ, ತಗೋ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾವು ನೆಟ್ಟಗೆ ಮಾತಾಡಿದ್ದು ಯಾವತ್ತು? ಯೊಸುವಿನ ಮೀನುಪೇಟೆಯ ಗಲಾಟೆ ಅರ್ಧ, "ಏಯ್, ಮೂಲೆ ಮೇಜಿಗೆ ಏಡಿ ಕೊಡ್ರೋ" ಅನ್ನುವ ನಿನ್ನ ಕೂಗು ಇನ್ನರ್ಧ. ಹಾಸ್ಟೆಲಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿಯೂ ಚೀಟಿ ಬರೆದುಕೊಳ್ಳುತ್ತಿದ್ದವರು ನಾವು. ನಮಗೆ ಕಾಗದವೇ ಸರಿ.

ದಾಸೊಲ್ ಚೆನ್ನಾಗಿದ್ದಾಳೆ. ಮಾಧ್ಯಮಿಕ ಶಾಲೆಯಲ್ಲಿ ಮಕ್ಕಳ ಆಪ್ತಸಲಹೆಗೆಂದು ಅವಳಿಗೊಂದು ಪುಟ್ಟ ಕೋಣೆ ಕೊಟ್ಟಿದ್ದಾರೆ, ದಿಂಬು ಇಟ್ಟಿದ್ದಾರೆ, ಗೊಂಬೆ ಇಟ್ಟಿದ್ದಾರೆ, ಮಕ್ಕಳನ್ನು ಮಾತ್ರ ಕಳಿಸುವುದೇ ಅಪರೂಪ. ಬೆಳಿಗ್ಗೆ ಎದೆಗೆ ಅಡ್ಡಪಟ್ಟಿ ಹಾಕಿಸಿ, ಕೈಗೆ "ಗೆಳೆಯರನ್ನು ನಗುತ್ತ ಮಾತಾಡಿಸೋಣ" ಎಂಬ ಬೋರ್ಡು ಕೊಟ್ಟು ಗೇಟಿನಲ್ಲಿ ನಿಲ್ಲಿಸುತ್ತಾರಂತೆ. ಮಕ್ಕಳೆಲ್ಲ ಅವಳನ್ನು "ಬೋರ್ಡ್ ಮಿಸ್" ಅನ್ನುತ್ತಾರೆ. "ಇದಕ್ಕಾ ನಾನು ಎಂ.ಎ. ಮಾಡಿದ್ದು?" ಎಂದು ಗೊಣಗಿದಳು. ತರಬೇತಿಗೆ ಬಂದವರು ಅಂದರೆ ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ ಕಣೇ, ಕೈಗೆ ಸಿಕ್ಕ ಕೆಲಸ ಹೇಳುತ್ತಾರೆ, ಊಟಕ್ಕೆ ಕರೆಯುವುದು ಮರೆಯುತ್ತಾರೆ ಎಂದೆ. ನಕ್ಕಳು. ನಕ್ಕರೆ ಥೇಟ್ ನೀನೇ.

ಹೋದ ಸಲ ನೀನು ಕೇಳಿದ್ದೆ: "ಮಕ್ಕಳ ಜೊತೆ ಮಾತಾಡೋಳು ಅವಳು, ಅವಳ ಜೊತೆ ಮಾತಾಡೋಳು ನೀನು, ಸರಿ. ನಿನ್ನ ಜೊತೆ ಯಾರೇ ಮಾತಾಡ್ತಾರೆ?" ಯಾರೂ ಇಲ್ಲಮ್ಮ. ನೀನಿದ್ದೀಯಲ್ಲ. ನಮ್ಮ ಕೆಲಸ ಇಷ್ಟೇ: ಗುರುವಾರ ಸಂಜೆ ಅವಳು ಕನ್ನಡಕದ ಅಂಗಡಿಯ ಮೇಲಿನ ನನ್ನ ಕೋಣೆಗೆ ಬರುತ್ತಾಳೆ. ಮಗುವಿನ ಜೊತೆ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಅದನ್ನು ಮಾತಿಗೆ ಮಾತು ಹಾಳೆಯಲ್ಲಿ ಬರೆದು ತರಬೇಕು. ಮಗು ಸುಮ್ಮನಿದ್ದರೆ "ಮೌನ" ಎಂದೂ ಬರೆಯಬೇಕು. ಎಲ್ಲಿ ಇವಳ ಕಿವಿ ಮುಚ್ಚಿತು, ಎಲ್ಲಿ ಬಾಯಿ ಜಾಸ್ತಿಯಾಯಿತು ಎಂದು ನಾನು ತೋರಿಸಬೇಕು. ಮಗುವಿನ ಮಾತು ಕೇಳಿ ಇವಳೊಳಗೆ ಏನೇನು ಎದ್ದು ಕೂತಿತೋ ಅದನ್ನೂ ಆ ಒಂದು ಗಂಟೆಯಲ್ಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಅದು ಮಗುವಿನ ತಲೆಯ ಮೇಲೆ ಬೀಳುತ್ತದೆ. ವರ್ಷದ ಕೊನೆಗೆ ನಾನು ಸಹಿ ಹಾಕಿದರೆ ಪಾಸು.

ನಮ್ಮ ಆಪ್ತಸಲಹೆಗಾರರ ಸಂಘದ ಪ್ಯೋ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಗೆಳತಿಯ ಮಗಳನ್ನ ತಗೋಬಾರದು ರೀ, ಆಮೇಲೆ ಕಷ್ಟ" ಎಂದರು. ಹಾಗೆ ನೋಡಿದರೆ ಈ ಸೀಮೆಯಲ್ಲಿ ಯಾರು ಯಾರಿಗೆ ಏನೂ ಅಲ್ಲ? ಒಬ್ಬರು ಶಾಲೆಯಲ್ಲಿ ಹಿರಿಯರು, ಇನ್ನೊಬ್ಬರು ಅತ್ತಿಗೆಯ ಊರಿನವರು. ಯಾರನ್ನೂ ಮುಟ್ಟುವ ಹಾಗೇ ಇಲ್ಲ. ಆದರೂ ಒಂದು ನಿಯಮ ಮಾಡಿದ್ದೇನೆ: ಚಪ್ಪಲಿ ಬಿಡುವ ಜಾಗದಲ್ಲೇ "ಚಿಕ್ಕಮ್ಮ"ನನ್ನೂ ಬಿಟ್ಟು ಒಳಗೆ ಬರಬೇಕು, ಒಳಗೆ ನಾನು ಟೀಚರ್. ಅವಳು ಪಾಲಿಸುತ್ತಾಳೆ. ನನಗೇ ಮರೆತುಹೋಗುತ್ತದೆ.

ನನ್ನ ಕಾಲದಲ್ಲಿ ಹೇಗಿತ್ತು ಗೊತ್ತಲ್ಲ. ಸಭೆಯಲ್ಲಿ ನಿಲ್ಲಿಸಿ, ನಾನು ಬರೆದ ಹಾಳೆಗಳನ್ನು ಎಲ್ಲರ ಕೈಗೂ ಹಂಚಿ, ಹಿರಿಯರೆಲ್ಲ ಸೇರಿ ಒಗೆದು ಹಿಂಡಿ ಒಣಹಾಕಿದ್ದರು. ನಿನ್ನ ಮಗಳಿಗೆ ಆ ಗತಿ ಬರಲು ಬಿಡುವುದಿಲ್ಲ. ನನ್ನ ಹತ್ತಿರ ಅವಳು ಹೆದರಬೇಕಾಗಿಲ್ಲ.

ಬೆನ್ನು ನೋವಿಗೆ ಬಿಸಿ ಶಾಖ ಕೊಡು, ಔಷಧಿ ಅಂಗಡಿಯವನ ಮಾತು ಕೇಳಬೇಡ. ನಿನ್ನ ಅಂಗಡಿ ತುಂಬಿರಲಿ.

ನಿನ್ನ,
ಓಕ್‌ಸಿಮ್

ಮರೆತೆ: ಮೊದಲನೇ ಮಗುವನ್ನು ಮಾತಾಡಿಸಿದ ದಿನ ಅವಳು ಶಾಲೆಯ ಬಚ್ಚಲಿಗೆ ಹೋಗಿ ಅತ್ತಳಂತೆ. ಇದು ಒಳ್ಳೆಯ ಲಕ್ಷಣ, ಗಾಬರಿಯಾಗಬೇಡ. ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡ.


ಜೊನ್ಜು
ಜೂನ್ ೧೮, ಭಾನುವಾರ

ಪ್ರೀತಿಯ ಜೊಮ್‌ರೆ,

ಏಡಿ ಬಂತು. ಅದನ್ನು ತಿಂದ ಕೈಯಲ್ಲಿ ಪೆನ್ನು ಹಿಡಿಯಲು ಆಗದೆ ತಡವಾಯಿತು ಎಂದರೆ ನಂಬುತ್ತೀಯ? ನಂಬಬೇಡ. ತರಬೇತಿಯವರು ಮೂವರು, ಸಲಹೆಗೆಂದು ನನ್ನ ಬಳಿಯೇ ಬರುವ ಜನ ಬೇರೆ, ಜೊತೆಗೆ ಈ ಸೆಕೆ. ಕೋಣೆಯ ಏಸಿ ಕೆಮ್ಮುತ್ತದೆಯೇ ಹೊರತು ತಂಪು ಕೊಡುವುದಿಲ್ಲ.

ನಿನ್ನ ಮಗಳಿಗೆ ಕೊನೆಗೂ ವಾರವಾರ ಬರುವ ಒಂದು ಮಗು ಸಿಕ್ಕಿದೆ. ಮಾಧ್ಯಮಿಕದ ಎರಡನೇ ತರಗತಿಯ ಹುಡುಗಿ, ಹೆಸರು ಹೇಳುವುದಿಲ್ಲ. ಬಂದು ದಿಂಬು ತಬ್ಬಿಕೊಂಡು ಕೂತು ಒಂದೂ ಮಾತಾಡದೆ ಎದ್ದು ಹೋಗುತ್ತಿತ್ತಂತೆ. ದಾಸೊಲ್ ಹಾಳೆ ತುಂಬ "ಮೌನ, ಮೌನ" ಎಂದು ಬರೆದು ತಂದು ನನ್ನ ಮುಂದೆ ಇಟ್ಟು, "ಟೀಚರ್, ನಾನು ಕೆಲಸಕ್ಕೆ ಬಾರದವಳು" ಎಂದಳು. ನಾನು ಬೈಯಲಿಲ್ಲ. ಸುಮ್ಮನೆ ಕೂತಿರುವುದೂ ಕೆಲಸವೇ ಕಣೇ, ಆ ಮಗುವಿನ ಮನೆಯಲ್ಲಿ ಅಷ್ಟು ಹೊತ್ತು ಯಾರು ಸುಮ್ಮನಿರುತ್ತಾರೆ ಎಂದೆ. ಎರಡು ವಾರ ಕಳೆದು ಹುಡುಗಿ ಬಾಯಿ ಬಿಟ್ಟಿತು. ದಾಸೊಲ್ ಮೆಟ್ಟಿಲು ಹತ್ತಿ ಓಡಿ ಬಂದು ಚಪ್ಪಲಿ ಕೂಡ ಬಿಡದೆ, "ಚಿಕ್ಕಮ್ಮ, ಮಾತಾಡಿದ್ಳು!" ಎಂದು ಕೂಗಿದಳು. ನೀನು ಆ ಮುಖ ನೋಡಬೇಕಿತ್ತು.

ತೊಂದರೆ ಇರುವುದು ಕ್ಲಾಸ್ ಮೇಷ್ಟ್ರ ಹತ್ತಿರ. ಹೆಸರು ತಾಕ್. ಕೆಟ್ಟವರಲ್ಲ, ಮಕ್ಕಳಿಗಾಗಿ ಓಡಾಡುವ ಮನುಷ್ಯ. ಆದರೆ ಹುಡುಗಿಯನ್ನು ಪಾಠದ ಹೊತ್ತಿಗೆ ಕಳಿಸಲು ಒಪ್ಪುವುದಿಲ್ಲ. "ಅಲ್ಲಿ ಕೂತು ಏನು ಮಾಡ್ತೀರಮ್ಮ ನೀವಿಬ್ರೂ? ನನ್ನ ಕ್ಲಾಸಿನ ಮಗು, ನನಗೇ ಏನೂ ಗೊತ್ತಿಲ್ಲ ಅಂದ್ರೆ ಹೇಗೆ?" ಎಂದರಂತೆ. ಇವಳು ದ್ರಾಕ್ಷಿ ರಸದ ಬಾಟಲಿ ತೆಗೆದುಕೊಂಡು ಹೋದರೆ, "ಇದೆಲ್ಲಾ ಯಾರಿಗೆ ಬೇಕು, ಮಗು ಏನಂತೆ ಅದನ್ನ ಹೇಳಿ" ಎಂದರಂತೆ.

ನಾನು ಹೇಳಿದೆ: "ನೋಡಮ್ಮ, ಕ್ಲಾಸ್ ಮೇಷ್ಟ್ರನ್ನ ಎದುರು ಹಾಕ್ಕೊಂಡು ಶಾಲೇಲಿ ಯಾವ ತರಬೇತಿಯವಳೂ ಉಳಿದಿಲ್ಲ. ಅವರ ಹತ್ರ ಖಾಲಿ ಕೈಯಲ್ಲಿ ಹೋಗ್ಬೇಡ. ಮೇಲ್‌ಮೇಲಿಂದ ಏನಾದ್ರೂ ಒಂಚೂರು ಹೇಳು. ತಮ್ಮನ್ನೂ ಸೇರಿಸಿಕೊಂಡ್ರು ಅಂತ ಅವರಿಗೆ ಅನ್ನಿಸ್ಬೇಕು, ಅಷ್ಟೇ."

"ಒಂಚೂರು ಅಂದ್ರೆ ಎಷ್ಟು, ಟೀಚರ್?"

"ಅದನ್ನ ನಿನ್ನ ಮನಸ್ಸೇ ಹೇಳುತ್ತೆ" ಎಂದೆ.

ಫಲ ಕಾಣುತ್ತಿದೆ ಜೊಮ್‌ರೆ! ತಾಕ್ ಮೇಷ್ಟ್ರು ಈಗ ತಾವೇ ಕಾಗದದ ಲೋಟದಲ್ಲಿ ಕಾಫಿ ಮಾಡಿಕೊಂಡು ಇವಳ ಕೋಣೆಗೆ ಬರುತ್ತಾರಂತೆ. ಹುಡುಗಿಯನ್ನು ಹೇಳಿದ ಹೊತ್ತಿಗೆ ಕಳಿಸುತ್ತಾರಂತೆ. ಗೇಟಿನ ಬೋರ್ಡೂ ತಪ್ಪಿತಂತೆ. ರೆಕಾರ್ಡಿಂಗ್ ಕೇಳುವುದನ್ನು ಕೂಡ ನಾನು ಬಿಟ್ಟಿದ್ದೇನೆ, ಮನೆಯ ಹುಡುಗಿ, ಬರೆದು ತಂದರೆ ಸಾಕು. ಬೇರೆಯವರಿಗಾದರೆ ಬಿಡುತ್ತಿರಲಿಲ್ಲ. ನಿನ್ನ ಮಗಳು ಬುದ್ಧಿವಂತೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾಳೆ.

ಮಳೆಗಾಲ ಶುರುವಾಗುವ ಮುಂಚೆ ಅಂಗಡಿಯ ಹಿಂದಿನ ತಗಡು ಸರಿ ಮಾಡಿಸು. ಹೆಚ್ಚು ಉಪ್ಪು ತಿನ್ನಬೇಡ. ನೂರು ವರ್ಷ ಬಾಳು, ಬಾಳಿ ನನ್ನನ್ನು ಬೈಯುತ್ತಿರು.

ನಿನ್ನ,
ಓಕ್‌ಸಿಮ್

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ, ಆದರೆ ನಿನ್ನಿಂದ ಮುಚ್ಚಿಟ್ಟರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗುತ್ತದೆ. ಆ ಹುಡುಗಿ ಶನಿವಾರ ಟ್ಯೂಷನ್ ತಪ್ಪಿಸಿ, ಮನೆ ಬಿಟ್ಟು ಹೋದ ಅಪ್ಪನನ್ನು ಕದ್ದು ನೋಡಿ ಬರುತ್ತದಂತೆ. ಅದನ್ನು ಹೇಳುತ್ತ ಹೇಳುತ್ತ ನಿನ್ನ ದಾಸೊಲ್ ಬಿಕ್ಕಿದಳು. ನಿನ್ನ ಗಂಡ ಆ ಹೆಂಗಸಿನ ಜೊತೆ ಪುಸಾನಿಗೆ ಹೋದ ಮೇಲೆ, ಅವನು ಆಗಾಗ ಯೊಸುವಿನ ದೋಣಿಕಟ್ಟೆಗೆ ಬರುತ್ತಿದ್ದನಂತೆ, ಇವಳು ಶಾಲೆಯಿಂದ ಹಾಗೇ ಹೋಗಿ ನೋಡುತ್ತಿದ್ದಳಂತೆ. ವರ್ಷಗಟ್ಟಲೆ. ನಿನಗೆ ಗೊತ್ತಾದರೆ ಸಾಯುತ್ತೀಯ ಎಂದು ಹೇಳಲಿಲ್ಲವಂತೆ. ನಾನು ಕಣ್ಣೊರೆಸಿ ಪೀಚ್ ಹಣ್ಣು ಹೆಚ್ಚಿ ಕೊಟ್ಟೆ, ಇಬ್ಬರೂ ತಿಂದೆವು. ನೀನು ಏನೂ ಗೊತ್ತಿಲ್ಲದವಳ ಹಾಗೆ ಇರು. ಬಂದಾಗ ಎರಡು ತುತ್ತು ಹೆಚ್ಚು ಬಡಿಸು, ಸಾಕು. ನನ್ನ ಮೇಲೆ ಆಣೆ, ಹೇಳಬೇಡ.


ಜೊನ್ಜು
ನವೆಂಬರ್ ೫, ಭಾನುವಾರ

ಜೊಮ್‌ರೆ,

ಫೋನು ಎತ್ತಲಿಲ್ಲ ಎಂದು ನೀನು ಕಳಿಸಿದ ಮೆಸೇಜುಗಳನ್ನೆಲ್ಲ ಓದಿದ್ದೇನೆ. "ನನ್ನ ಮಗಳು ಎಲ್ಲಿ?" "ಓಕ್‌ಸಿಮ್, ನಿನ್ನ ಕೈಗೆ ಕೊಟ್ಟಿದ್ದೆ." "ಸತ್ತಿದ್ದೀಯೇನೇ?" ಸತ್ತಿಲ್ಲ. ತಡಮಾಡಿದ್ದಕ್ಕೆ ಈ ಸಲ ನನ್ನ ಹತ್ತಿರ ಏಡಿಯ ನೆಪವಿಲ್ಲ. ನೀನು ಕೇಳಿದ್ದಕ್ಕೆ ಕೊನೆಗೆ ಬರುತ್ತೇನೆ, ಅದಕ್ಕೆ ಮುಂಚೆ ಆದದ್ದನ್ನು ಒಂದು ಸಲ ನೆಟ್ಟಗೆ ಹೇಳಲು ಬಿಡು. ಅರ್ಧಕ್ಕೆ ಹರಿದು ಹಾಕಬೇಡ.

ಸೆಪ್ಟೆಂಬರಿನಲ್ಲಿ ನನ್ನನ್ನು ಶಿಕ್ಷಕರ ಸಭೆಗೆ ಉಪನ್ಯಾಸಕ್ಕೆ ಕರೆದಿದ್ದರು. ವಿಷಯ, ಮಕ್ಕಳ ಮಾತನ್ನು ಕೇಳುವುದು ಹೇಗೆ. ನಗು ಬಂದರೆ ನಗು. ಮುಗಿದ ಮೇಲೆ ಒಬ್ಬರು ಕಾಫಿ ಹಿಡಿದುಕೊಂಡು ಬಂದು ಬಗ್ಗಿ ನಮಸ್ಕರಿಸಿ, "ನಾನು ತಾಕ್. ನಿಮ್ಮ ದಾಸೊಲ್ ಇದಾರಲ್ಲ, ಆ ಶಾಲೆ" ಎಂದರು. ನನಗೆ ಸಂತೋಷವಾಯಿತು. "ಹುಡುಗಿ ಹೇಗಿದಾಳೆ?" ಎಂದೆ, ಅವರಿಗೂ ಎಲ್ಲ ಗೊತ್ತಿದೆಯಲ್ಲ ಎಂದು.

"ಯಾರು, ಆ ಮಗೂನಾ? ಆಗಸ್ಟಿನ ಬೇಸಿಗೆ ರಜೆಯಲ್ಲೇ ಟಿ.ಸಿ. ತಗೊಂಡು ಹೋಯ್ತಲ್ಲ. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಆ ವಾರವೂ ದಾಸೊಲ್ ಆ ಹುಡುಗಿಯ ಜೊತೆ ಮಾತಾಡಿದ್ದು ಎಂದು ಹಾಳೆ ಬರೆದು ತಂದಿದ್ದಳು.

ಮೇಷ್ಟ್ರು ಪಾಪ, ಹೇಳುತ್ತ ಹೋದರು. ರಜೆಗೆ ಮುಂಚೆ ಒಂದು ದಿನ ದಾಸೊಲ್ ಕಾಫಿ ಕುಡಿಯುತ್ತ, ಹುಡುಗಿ ಶನಿವಾರ ಅಪ್ಪನನ್ನು ನೋಡಲು ಹೋಗುತ್ತದೆ ಎಂದು ಬಾಯಿ ಬಿಟ್ಟಳಂತೆ. ಯಾರಿಗೂ ಹೇಳಬೇಡಿ ಸರ್ ಎಂದೂ ಅಂದಳಂತೆ. "ನಾನೂ ಎರಡು ದಿನ ಸುಮ್ನಿದ್ದೆ. ಆದ್ರೆ ನನಗೂ ಹೆಣ್ಣುಮಕ್ಕಳಿದಾರೆ ನೋಡಿ. ಹೆತ್ತ ತಾಯಿಗೆ ಗೊತ್ತಿರ್ಬೇಕು ಅಲ್ವಾ? ಫೋನ್ ಮಾಡಿ ನಿಧಾನವಾಗೇ ಹೇಳ್ದೆ. ಆಯಮ್ಮ ಮಾರನೇ ದಿನಾನೇ ಶಾಲೆಗೆ ಬಂದು ಎಲ್ಲರೆದುರು ಮಗೂನ ದರದರ ಎಳ್ಕೊಂಡು ಹೋದ್ರು. ಈಗ ಸೋದರಮಾವನ ಊರಲ್ಲಿ ಹಾಕಿದಾರೆ, ಅಪ್ಪನ ಕೈಗೆ ಸಿಗದ ಹಾಗೆ. ಅಲ್ಲಿ ಯಾರ ಜೊತೇನೂ ಮಾತಾಡಲ್ವಂತೆ. ನಾನು ಒಳ್ಳೇದಕ್ಕೇ ಮಾಡಿದ್ದು ಟೀಚರ್." ಅವರ ಕಣ್ಣಲ್ಲಿ ನೀರಿತ್ತು. ಆ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ಆ ಹಾಳೆಗಳನ್ನೆಲ್ಲ ಮತ್ತೆ ತೆಗೆದೆ. ಎರಡನೇ ಅವಧಿ ಶುರುವಾದಾಗಿನಿಂದ ತಂದವು, ಒಂದೂ ನಡೆದದ್ದಲ್ಲ. ಖಾಲಿ ಕೋಣೆಯಲ್ಲಿ ಕೂತು ತಾನೇ ಕೇಳಿ, ತಾನೇ ಉತ್ತರ ಹೇಳಿ, ನಡುವೆ "ಮೌನ" ಎಂದೂ ಬರೆದು ತಂದಿದ್ದಳು. ಒಂದರಲ್ಲಿ ಹುಡುಗಿ ಹೇಳುತ್ತಾಳೆ: "ಅಪ್ಪ ದೋಣಿಕಟ್ಟೆ ಹತ್ರ ಕಾಯ್ತಿರ್ತಾರೆ. ನಾನು ಬರೋದು ತಡ ಆದ್ರೆ ನನ್ನ ಪಾಲಿನ ಬನ್ನು ತಣ್ಣಗಾಗುತ್ತೆ ಅಂತ ಜೇಬಲ್ಲಿ ಇಟ್ಕೊಂಡಿರ್ತಾರೆ." ಜೊನ್ಜುವಿನಲ್ಲಿ ದೋಣಿಕಟ್ಟೆ ಎಲ್ಲಿದೆ ಜೊಮ್‌ರೆ? ಸಮುದ್ರವೇ ಇಲ್ಲದ ಊರು! ಅದರ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ "ಭೇಷ್, ಚೆನ್ನಾಗಿ ಕೇಳಿಸಿಕೊಂಡಿದ್ದೀಯ" ಎಂದು ಬರೆದಿದ್ದೆ. ಇಪ್ಪತ್ತು ವರ್ಷದಿಂದ ಊರವರಿಗೆಲ್ಲ ಕಿವಿ ಕೊಡುವುದನ್ನು ಕಲಿಸುತ್ತ ಬಂದವಳು. ಥೂ ನನ್ನ!

ಗುರುವಾರ ಬಂದಳು. ಹಾಳೆಗಳನ್ನು ಮೇಜಿನ ಮೇಲೆ ಇಟ್ಟು, ಮೇಷ್ಟ್ರು ಸಿಕ್ಕಿದ್ದರು ಎಂದೆ.

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಬೈದಿದ್ರೆ ಹೇಳ್ತಿದ್ದೆ ಟೀಚರ್. ನೀವು ಬೈಯೋದೇ ಇಲ್ಲ. ಪ್ರತಿ ಸಲ ಖುಷಿಯಾಗಿ ಕಾಯ್ತಿರ್ತೀರಿ. ಆ ಮುಖದ ಮುಂದೆ ಹೇಗೆ ಹೇಳ್ಲಿ?"

"ಮೇಷ್ಟ್ರಿಗೆ ಅಷ್ಟೆಲ್ಲ ಯಾಕೆ ಹೇಳ್ದೆ?"

"ಬಂದಾಗೆಲ್ಲ ಇವತ್ತೇನು ಅಂತ ಕೇಳೋರು. ಚಿಕ್ಕ ಚಿಕ್ಕದೆಲ್ಲ ಹೇಳಿ ಮುಗೀತು. ಕೊನೆಗೆ ಅದೊಂದೇ ಉಳಿದಿತ್ತು." ಆಮೇಲೆ ತಲೆ ತಗ್ಗಿಸಿ, "ಖಾಲಿ ಕೈಯಲ್ಲಿ ಹೋಗ್ಬೇಡ ಅಂದಿದ್ರಿ" ಎಂದಳು. ಚುಚ್ಚಿ ಹೇಳಲಿಲ್ಲ. ಪಾಠ ಒಪ್ಪಿಸಿದ ಹಾಗೆ ಹೇಳಿದಳು.

ಅವತ್ತು ಮೊದಲ ಸಲ ನಾವು ಮಾಡಬೇಕಾದ ಕೆಲಸ ಮಾಡಿದೆವು ಅನ್ನಿಸುತ್ತದೆ. ಹಣ್ಣಿಲ್ಲ, ಚಹಾ ಇಲ್ಲ. ಸುಳ್ಳು ಹಾಳೆಗಳಿಗೆ ಸಹಿ ಹಾಕಲಾರೆ, ಈ ವರ್ಷ ನೀನು ಪಾಸಾಗುವುದಿಲ್ಲ ಎಂದೆ. "ಹಾಕ್ಬೇಡಿ" ಎಂದಳು. ಆದರೆ ತರಬೇತಿ ಬಿಡಬೇಡ, ಮುಂದಿನ ಗುರುವಾರದಿಂದ ಮೊದಲಿಂದ ಶುರು ಮಾಡೋಣ, ರೆಕಾರ್ಡಿಂಗ್ ತಾ, ಇಲ್ಲದಿದ್ದರೆ ಏನೂ ಇಲ್ಲದೆ ಬಾ ಎಂದೆ. ಸರಿ ಎಂದಳು. ಹೋಗುವಾಗ ಮೆಟ್ಟಿಲಲ್ಲಿ ನಿಂತು, "ಹಬ್ಬಕ್ಕೆ ಯೊಸುಗೆ ಹೋಗ್ಬರ್ತೀನಿ. ಈ ಸಲ ಅಮ್ಮಂಗೆ ನಾನೇ ಅಪ್ಪನ ವಿಷಯ ಹೇಳ್ಬೇಕು ಅನ್ಕೊಂಡಿದೀನಿ" ಎಂದಳು. ಅವಳೇ ಹೇಳಬೇಕು ಎಂದಿದ್ದಳು ಜೊಮ್‌ರೆ. ಆ ಕ್ಷಣವೇ ಹೇಳಿಬಿಡಬೇಕಿತ್ತು, ನಿನ್ನ ಅಮ್ಮನಿಗೆ ಜೂನಿನಲ್ಲೇ ನಾನು ಹೇಳಿಯಾಗಿದೆ ಎಂದು. ಹೇಳಲಿಲ್ಲ. ಹುಷಾರಾಗಿ ಹೋಗಿ ಬಾ ಎಂದೆ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಚುಸೊಕ್ ಹಬ್ಬದ ಬೆಳಿಗ್ಗೆ ಕಡುಬು ಮಾಡುತ್ತ ಕೂತಿದ್ದಾಗ, ಅವಳು "ಅಮ್ಮ, ಒಂದು ಮಾತು" ಎಂದು ಬಾಯಿ ತೆಗೆಯುವುದಕ್ಕೂ, ಅವಳ ಕಡುಬಿನ ಬಾಯಿ ಬಿಚ್ಚಿಕೊಂಡಿದ್ದಕ್ಕೆ ನೀನು ಸಿಡುಕುವುದಕ್ಕೂ ಸರಿಹೋಯಿತು. "ಕಡುಬು ಮುಚ್ಚೋಕೆ ಬರಲ್ಲ, ಅಪ್ಪನ್ನ ಕದ್ದು ನೋಡಿ ಬಾಯಿ ಮುಚ್ಕೊಂಡಿರೋಕೆ ಮಾತ್ರ ಬರುತ್ತೆ!" ಅಂದೆಯಲ್ಲ. ಅದೇ ಸಂಜೆ ನನಗೆ ಫೋನು ಮಾಡಿ, "ಕೇಳೇಬಿಟ್ಟೆ ಕಣೇ, ಇಷ್ಟು ದಿನ ನುಂಗಿಕೊಂಡಿದ್ದೆ, ಬಾಯಿಗೆ ಬಂದುಬಿಡ್ತು" ಎಂದೆ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ನಿನ್ನ ಡಬ್ಬಿಗಳನ್ನೆಲ್ಲ ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಆಣೆ ಹಾಕಿಸಿದ್ದೆನಲ್ಲೇ! ಆಮೇಲೆ ಕೂತು ಯೋಚಿಸಿದರೆ, ಹೇಳಬೇಡ ಎಂದು ಆಣೆ ಹಾಕಿಸುವವಳು ಅಷ್ಟು ಹೊತ್ತಿಗೆ ತಾನೇ ಹೇಳಿಬಿಟ್ಟಿರುತ್ತಾಳೆ. ದಾಸೊಲ್ ಮೇಷ್ಟ್ರಿಗೆ ಹೇಳಬೇಡಿ ಅಂದಳು, ನಾನು ನಿನಗೆ ಹೇಳಬೇಡ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನದು ಹೆತ್ತ ಹೊಟ್ಟೆ, ಉರಿಯಿತು. ನನಗೆ ಯಾವ ರೋಗವಿತ್ತು?

ಹಬ್ಬ ಕಳೆದ ಗುರುವಾರ ಅವಳು ಬಂದಳು, ಇದು ನಿನಗೆ ಗೊತ್ತಿಲ್ಲ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತಳು.

"ಆ ಹುಡುಗಿ ಟಿ.ಸಿ. ತಗೊಂಡು ಹೋಗೋ ದಿನ ನನ್ನ ಕೋಣೆಗೆ ಬಂದಿದ್ಳು" ಎಂದಳು. "'ಯಾಕೆ ಹೇಳಿದ್ರಿ ಮಿಸ್?' ಅಂತ ಒಂದೇ ಮಾತು ಕೇಳಿದ್ಳು. ನನಗೆ ಉತ್ತರ ಗೊತ್ತಾಗ್ಲಿಲ್ಲ. ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ. ಯಾಕೆ ಹೇಳಿದ್ರಿ?"

"ಪ್ರೀತಿಗೆ ಕಣೇ ದಾಸೊಲ್. ನಿನ್ನ ಮೇಲೆ, ನಿಮ್ಮಮ್ಮನ ಮೇಲೆ ಪ್ರೀತಿ" ಎಂದೆ.

"ತಾಕ್ ಮೇಷ್ಟ್ರೂ ಅದನ್ನೇ ಅಂದ್ರು" ಎಂದಳು. ತಲೆ ಬಗ್ಗಿಸಿ ನಮಸ್ಕಾರ ಮಾಡಿ ಇಳಿದು ಹೋದಳು. ಮರುದಿನ ಶಾಲೆಗೆ ರಾಜೀನಾಮೆ, ಬಾಡಿಗೆ ಕೋಣೆ ಖಾಲಿ, ಫೋನು ಬಂದ್.

ಸಂಘಕ್ಕೆ ಹೋಗಿ ನನ್ನ ತಪ್ಪನ್ನೆಲ್ಲ ಹೇಳಿಕೊಂಡೆ. ಛೀಮಾರಿ ಹಾಕುತ್ತಾರೆ, ನನ್ನ ಕೈಯಿಂದ ಈ ಕೆಲಸ ಕಿತ್ತುಕೊಳ್ಳುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಹಾಗೆ ಮಾಡಲಿ ಎಂದೇ ಹೋಗಿದ್ದೆ. ಪ್ಯೋ ಅವರು ಚಹಾ ಕೊಟ್ಟು, "ಎಲ್ಲರ ಕೈಯಲ್ಲೂ ಹೀಗೆ ಒಂದೆರಡು ಆಗಿರುತ್ತೆ ಬಿಡಿ. ಅದಕ್ಕೇ ಗೆಳತಿಯ ಮಗಳು ಬೇಡ ಅಂದಿದ್ದು" ಎಂದರು. ಮಾರ್ಚಿಗೆ ತರಬೇತಿಗೆ ನನ್ನ ಬಳಿ ಇನ್ನೊಬ್ಬಳನ್ನು ಕಳಿಸುತ್ತಾರಂತೆ. ಆ ಶಾಲೆಯ ಕೋಣೆಗೂ ಯಾರೋ ಹೊಸಬಳು ಬಂದಿದ್ದಾಳೆ, ಗೇಟಿನಲ್ಲಿ ಬೋರ್ಡು ಹಿಡಿದು ನಿಲ್ಲುತ್ತಾಳೆ. ತಾಕ್ ಮೇಷ್ಟ್ರು ಅವಳಿಗೂ ಕಾಫಿ ಕೊಂಡೊಯ್ಯುತ್ತಿರಬಹುದು. ಸೋದರಮಾವನ ಊರಿಗೆ ಹೋದ ಆ ಮಗುವಿಗೆ ನಾವು ಯಾರೂ ಏನೂ ಮಾಡುವ ಹಾಗಿಲ್ಲ. ಇನ್ನು ಯಾವ ದೊಡ್ಡವರ ಮುಂದೆಯೂ ಅದು ಬಾಯಿ ಬಿಡುವುದಿಲ್ಲ, ನಾನಾಗಿದ್ದರೂ ಬಿಡುತ್ತಿರಲಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಅತ್ತು, ಬೈದು, ನಾಳೆ ಇನ್ನೊಂದು ಪಾರ್ಸೆಲ್ ಕಳಿಸುತ್ತೀಯ. ಕಳಿಸಬೇಡ. ಚಳಿ ಶುರುವಾಯಿತು, ಮಂಡಿ ಬೆಚ್ಚಗಿಟ್ಟುಕೋ, ನೀರಲ್ಲಿ ಕೈ ಹಾಕುವಾಗ ಕೈಗವಸು ಹಾಕಿಕೋ. ದೇವರು ನಿನ್ನ ಮನೆಗೆ ಮತ್ತೆ ಮಾತು ಕೊಡಲಿ. ನನ್ನ ಹರಕೆಗೆ ಇನ್ನು ಬಲವಿದೆಯೋ ಇಲ್ಲವೋ, ಆದರೂ ಹರಸುತ್ತೇನೆ.

ಓಕ್‌ಸಿಮ್

ನೀನು ಕೇಳಿದ್ದಕ್ಕೆ ಉತ್ತರ. ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತು. ಹೋದ ಗುರುವಾರ ಅವಳೇ ಫೋನು ಮಾಡಿದ್ದಳು. ಆರೋಗ್ಯವಾಗಿದ್ದಾಳೆ. ಯಾವ ಊರು, ಯಾರ ಜೊತೆ, ಏನು ಕೆಲಸ, ಒಂದನ್ನೂ ಹೇಳುವುದಿಲ್ಲ. ನೀನು ಬಂದು ನನ್ನ ಬಾಗಿಲಲ್ಲಿ ಬಿದ್ದು ಹೊರಳಿದರೂ ಹೇಳುವುದಿಲ್ಲ. ನಲವತ್ತು ವರ್ಷದ ಸ್ನೇಹ ಇದರಿಂದ ಮುಗಿಯುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಕಾಗದವನ್ನೂ ನಿನಗೆ ಹಾಕುವ ಮುಂಚೆ ಅವಳಿಗೆ ಫೋನಿನಲ್ಲಿ ಓದಿ ಹೇಳಿದ್ದೇನೆ. ತೆಗೆಯಿರಿ ಎಂದ ಕಡೆ ತೆಗೆದಿದ್ದೇನೆ, ಇರಲಿ ಎಂದದ್ದು ಮಾತ್ರ ಉಳಿದಿದೆ. ಓದಿ ಮುಗಿಸಿ, "ಅಮ್ಮಂಗೆ ನಿನ್ನ ಕಡೆಯಿಂದ ಒಂದು ಮಾತು ಸೇರಿಸ್ಲೇನಮ್ಮ?" ಎಂದು ಕೇಳಿದೆ.

"ನನ್ನ ಹತ್ರ ಏನಿದೆ ಟೀಚರ್, ಹೇಳೋಕೆ?" ಎಂದಳು. "ಇದ್ದಿದ್ದು ಒಂದೇ ಮಾತು. ಅದನ್ನ ನೀವೇ ಹೇಳಿಬಿಟ್ರಲ್ಲ."